ಹಿ-೨ ಬಾಟಲಿಯ ಹೆಪ್ಪು

ಏಪ್ರಿಲ್ ೩, ಗುರುವಾರ, ಬೆಳಿಗ್ಗೆ ೯ ಗಂಟೆ ೪೦ ನಿಮಿಷ. ನನ್ನ ದಿನಚರಿಯಲ್ಲಿ ಆ ಹೊತ್ತಿನ ಎದುರು ಹೀಗಿದೆ: ‘ಹಿ-೨ರ ಜೋಡಿ ಬಾಟಲಿ ಫ್ರಿಜ್ಜಿನಲ್ಲಿ ಇಟ್ಟಿದೆ.’ ಪಕ್ಕದಲ್ಲಿ ಸರಿ ಗುರುತು. ಬಾಟಲಿ ಫ್ರಿಜ್ಜಿನಲ್ಲಿ ಇರಲಿಲ್ಲ. ಹತ್ತು ಗಂಟೆಗೆ ಹಾನಗಲ್ ಬಸ್ಸು. ಫ್ರಿಜ್ಜು ಇದ್ದದ್ದು ಅಂಗಳದಾಚೆಯ ಕೋಣೆಯಲ್ಲಿ. ಹೋಗುವಾಗ ಇಟ್ಟು ಹೋದರಾಯಿತೆಂದು ಮೊದಲೇ ಗುರುತು ಹಾಕಿದೆ, ಆಮೇಲೆ ಚೀಲ ಹೆಗಲಿಗೇರಿಸಿ ನೇರ ನಿಲ್ದಾಣಕ್ಕೆ ಓಡಿದೆ.

ಶಿಗ್ಗಾವಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾನು ಸಹಾಯಕಿ. ಅದಿರಿನಿಂದ ಬಂಗಾರ ಬಿಡಿಸಲು ಸೂಕ್ಷ್ಮಜೀವಿಗಳನ್ನು ದುಡಿಸಿಕೊಳ್ಳುವುದು ನಮ್ಮ ಕೆಲಸ. ಗದಗ ಕಡೆಯ ಗುಡ್ಡದಿಂದ ನಮಗೆ ಬಂದ ಅದಿರಿನಲ್ಲಿ ಬಂಗಾರದ ಕಣಗಳು ಕಬ್ಬಿಣ, ಗಂಧಕ ಕೂಡಿದ ಗಟ್ಟಿ ಖನಿಜದೊಳಗೆ ಹುದುಗಿವೆ. ಎಷ್ಟು ನುಣ್ಣಗೆ ಅರೆದರೂ ಬಂಗಾರ ಕರಗಿಸುವ ದ್ರಾವಣ ಅವನ್ನು ಮುಟ್ಟುವುದಿಲ್ಲ. ಕೆಲವು ಜೀವಿಗಳಿಗೆ ಆ ಖನಿಜವೇ ಊಟ. ಅವು ಸಿಪ್ಪೆ ತಿಂದು ಮುಗಿಸಿದರೆ ಒಳಗಿನ ಕಣ ನಮಗೆ ದಕ್ಕುತ್ತದೆ. ಅಂಥ ಜೀವಿಗಳು ದುಡ್ಡಿಗೂ ಸಿಗುತ್ತವೆ. ಹೋಲಿಸಿ ನೋಡಲು ಒಂದು ಬಾಟಲಿ ಕೊಂಡು ತಂದಿದ್ದೆವು. ಆದರೆ ನಮ್ಮ ಮುಖ್ಯಸ್ಥರಾದ ಸರ್ ಅವರಿಗೆ ನಮ್ಮ ನೆಲದವೇ ಬೇಕಿತ್ತು.

ಹೀಗಾಗಿ ನವೆಂಬರಿನಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿ ತಿರುಗಿ, ಒಂದೊಂದು ಕಡೆಯಿಂದ ಮೂರರಂತೆ ಹನ್ನೆರಡು ಬಾಟಲಿ ಕೆಂಪು ನೀರು ತಂದೆ. ಆಮ್ಲ ಮತ್ತು ಕಬ್ಬಿಣದ ಉಪ್ಪು ಹಾಕಿದ ತಿಳಿಹಸಿರು ನೀರೇ ಇವುಗಳ ಆಹಾರ. ತಂದ ನೀರನ್ನು ಅದಕ್ಕೆ ಸ್ವಲ್ಪ ಹಾಕಿಟ್ಟಾಗ, ಜೀವ ಇದ್ದರೆ ಅದು ಕೆಂಪಗಾಗುತ್ತದೆ. ಹನ್ನೊಂದು ಬಾಟಲಿ ಹಸಿರಾಗಿಯೇ ಉಳಿದವು. ಹಿರೇಕೆರೂರು ಕಡೆಯ ಎರಡನೆಯದು, ಹಿ-೨, ಮೂರೇ ದಿನಕ್ಕೆ ಕೆಂಪಾಯಿತು. ಕೊಂಡು ತಂದದ್ದಕ್ಕೆ ಐದು ದಿನ ಹಿಡಿಯುತ್ತಿತ್ತು.

ಹಿ-೨ರ ನೀರು ರಟ್ಟೀಹಳ್ಳಿಯ ಆಚೆ, ಒಂದು ಹೊಲದ ಬದುವಿನಲ್ಲಿ ಹಿಂದೆ ಯಾರೋ ಕಲ್ಲು ತೆಗೆದ ಗುಂಡಿಯದು. ನಾನು ಬಗ್ಗಿ ತುಂಬಿಕೊಳ್ಳುವಾಗ ಹೊಲದ ಒಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಏನ್ ತಂಗಿ, ಎಮ್ಮೀನೂ ಮೂಸದ ನೀರ ನಿನಗ್ಯಾಕ?”

“ಇದರಾಗಿನ ಹುಳಾ ಬಂಗಾರ ಬಿಡಸ್ತಾವ್ರಿ, ಅವ್ವಾರ.”

“ಬಂಗಾರ ತಿಂದು ಬಂಗಾರಾನ ಹೇತಾವೇನ? ಹಂಗಿದ್ರ ನನ್ನ ಸೊಸೀಗೂ ಒಂದೆರಡ ಕೊಡ, ಸಾಕ್ತಾಳ.”

“ಇಲ್ರಿ, ಕಲ್ಲ ತಿಂದು ಬಂಗಾರ ಬಿಡ್ತಾವ್ರಿ.”

“ಹಂಗಾರ ನನ್ನ ಗಂಡಗಿಂತ ಶಾಣ್ಯಾ ಅದಾವ ತಗೋ. ಇವರು ನನ್ನ ಬಂಗಾರ ಮಾರಿ ಈ ಕಲ್ಲಿನ ಹೊಲಾ ತಗೊಂಡಾರ.”

ಫೆಬ್ರುವರಿಯಲ್ಲಿ ಅವರೇ ಫೋನ್ ಮಾಡಿದರು. “ನಮ್ಮ ಎಮ್ಮಿ ಮಣಕ ಆ ಗುಂಡ್ಯಾಗ ಜಾರಿ ಬಿದ್ದಿತ್ತವ್ವ. ಮುಚ್ಚಿಬಿಡೂನು ಅಂತ ಮಾಡೇವಿ. ನಿನ್ನ ಹುಳಕ್ಕ ಬೇಕಂದ್ರ ಹೇಳ, ಹಂಗ ಬಿಡ್ತೇವಿ.”

“ಮುಚ್ಚರಿ ಅವ್ವಾರ. ಹುಳಾ ನಮ್ಮ ಕಡೆ ಜ್ವಾಪಾನ ಅದಾವ” ಎಂದೆ. ಅಂದಿನ ಪುಟದಲ್ಲಿ ‘ಗುಂಡಿ ಮುಚ್ಚಲು ಹೇಳಿದೆ, ಚಿಂತೆಯಿಲ್ಲ’ ಎಂದಿದೆ.

ಜೋಪಾನವೆಂದರೆ ಮೊಸರಿನ ಹೆಪ್ಪಿನಂತೆಯೇ. ಹತ್ತು ದಿನಕ್ಕೊಮ್ಮೆ ಹಳೆಯದರ ಹತ್ತು ಮಿಲಿಲೀಟರನ್ನು ತೊಂಬತ್ತು ಮಿಲಿಲೀಟರ್ ಹೊಸ ಆಹಾರಕ್ಕೆ ಹಾಕಬೇಕು. ಒಂದು ಬಾಟಲಿ ತಗಡಿನ ಚಾವಣಿಯ ಕೋಣೆಯಲ್ಲಿ, ಅದರ ಜೋಡಿ ಫ್ರಿಜ್ಜಿನಲ್ಲಿ. ಎರಡೂ ಒಂದೇ ಕಡೆ ಇರಬಾರದು. ಸರ್ ನನಗೆ ಹೇಳಿದ್ದ ಕಟ್ಟುನಿಟ್ಟಿನ ಮಾತು ಅದೊಂದೇ.

ಹಾನಗಲ್ಲಿಗೆ ಹೋದದ್ದು ಬಸುರಿ ಅಕ್ಕನ ಕುಬಸದ ಶಾಸ್ತ್ರಕ್ಕೆ. ಸೋಮವಾರ ತಿರುಗಿ ಬರಬೇಕಿತ್ತು. ಕುಬಸದ ಮರುದಿನ ಅಕ್ಕನ ರಕ್ತದೊತ್ತಡ ಏರಿತು, ಮಲಗಿಯೇ ಇರಬೇಕೆಂದರು ಡಾಕ್ಟರು. ಮೊದಲ ಎಂಟು ದಿನ ನಾನು ಅಲ್ಲಿ ಬೇಕಾಗಿದ್ದೆ. ಒಂಬತ್ತನೆಯ ದಿನ ಅಕ್ಕನ ಅತ್ತೆಯೇ ಹೇಳಿದರು: “ಇನ್ನ ನಾವು ನೋಡ್ಕೋತೇವಿ. ನೀ ನಿನ್ನ ಕೆಲಸಕ್ಕ ಹೋಗವ್ವ.” ನಾನು ಹೋಗಲಿಲ್ಲ. ಮಾವಿನಕಾಯಿ ಹೆಚ್ಚುತ್ತ, ಅಕ್ಕನೊಡನೆ ಹರಟೆ ಹೊಡೆಯುತ್ತ ಇನ್ನೂ ಹತ್ತು ದಿನ ಉಳಿದೆ.

ಬಾಟಲಿಯ ನೆನಪಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಪ್ರಯೋಗಾಲಯದ ಜವಾನರಿಗೆ ಒಂದು ಫೋನ್ ಮಾಡಿ, ಹೊಸ ಆಹಾರ ಹಾಕಿರೆಂದಿದ್ದರೆ ಸಾಕಿತ್ತು. ಅವರು ಹಾಕುತ್ತಿದ್ದರು. ಆದರೆ ಫ್ರಿಜ್ಜು ತೆಗೆದು ಜೋಡಿ ಬಾಟಲಿಯನ್ನೂ ನೋಡುತ್ತಿದ್ದರು, ಅದು ಅಲ್ಲಿರುತ್ತಿರಲಿಲ್ಲ. ಮೂರು ಸಲ ಫೋನ್ ಕೈಗೆತ್ತಿಕೊಂಡು ಮೂರು ಸಲವೂ ಇಟ್ಟೆ. ಒಂದು ಸುಳ್ಳು ಗುರುತು ಬಯಲಾಗಬಾರದೆಂದು ಇಟ್ಟೆ.

ಏಪ್ರಿಲ್ ೨೨, ಮಂಗಳವಾರ, ೧೧ ಗಂಟೆ ೧೫ ನಿಮಿಷ. ತಗಡಿನ ಕಾವಿಗೆ ಎರಡೂ ಬಾಟಲಿಗಳ ನೀರು ಆರಿ ಹೋಗಿತ್ತು. ಒಂದೇ ಹಲಗೆಯ ಮೇಲೆ, ಒಂದರ ಪಕ್ಕ ಒಂದು. ತಳದಲ್ಲಿ ಗಾಯದ ಹಕ್ಕಳೆಯಂಥ ಕಂದು ಪದರ. ಅದಕ್ಕೆ ಹೊಸ ಆಹಾರ ಹಾಕಿ ಕಾದೆ. ಹನ್ನೆರಡು ದಿನ, ದಿನಚರಿಯಲ್ಲಲ್ಲ, ಬಿಡಿ ಹಾಳೆಯೊಂದರಲ್ಲಿ ಹನ್ನೆರಡು ಸಾಲು, ಹನ್ನೆರಡು ಸಲವೂ ‘ಹಸಿರು’. ಸರ್ ಆಗ ಊರಲ್ಲಿರಲಿಲ್ಲ.

ಮೇ ೪ರ ಭಾನುವಾರ ಯಲವಿಗಿಯ ನಮ್ಮ ಮನೆಯಲ್ಲಿದ್ದೆ. ಅವ್ವನ ಹೆಪ್ಪು ಕೆಟ್ಟಿತ್ತು. ಪಕ್ಕದ ಮನೆಯಿಂದ ಒಂದು ಚಮಚ ತಂದು ಹಾಲಿಗೆ ಹಾಕುತ್ತಿದ್ದಳು.

“ಆಯಿ ಕಾಲದಿಂದ ಬಂದ ಹೆಪ್ಪ ಅಂತಿದ್ದೆಲ್ಲ ಬೇ?”

“ಹೆಪ್ಪ ಯಾರ ಮನೀದಾದ್ರೇನ? ಗಡಿಗಿ ನಮ್ದು, ಮೊಸರೂ ನಮ್ದ. ಸುಮ್ಕ ಉಣ್ಣ.”

ಆ ಮಾತನ್ನು ಬುತ್ತಿಯಂತೆ ಕಟ್ಟಿಕೊಂಡು ಶಿಗ್ಗಾವಿಗೆ ಬಂದೆ. ಮರುದಿನ ಬೆಳಿಗ್ಗೆ, ಫ್ರಿಜ್ಜಿನಲ್ಲಿದ್ದ ಕೊಂಡು ತಂದ ಬಾಟಲಿಯಿಂದ ಹತ್ತು ಮಿಲಿಲೀಟರ್ ತೆಗೆದು ಹೊಸ ಆಹಾರಕ್ಕೆ ಹಾಕಿ, ಮೇಲೆ ಹಿ-೨ ಎಂದು ಬರೆದೆ. ನನ್ನ ಅಕ್ಷರ ದುಂಡಗೆ ಬಂದಿತ್ತು. ಅದೇ ಈಗ ಹೆಚ್ಚು ಕಾಡುತ್ತದೆ.

ಐದನೆಯ ದಿನ ಅದು ಕೆಂಪಾಯಿತು. ತಿರುಗಿ ಬಂದ ಸರ್ ದಿನಚರಿ ನೋಡಿ ಹುಬ್ಬೇರಿಸಿದರು. “ಮೂರ ದಿನದ ಕೆಲಸಕ್ಕ ಐದ ದಿನಾ? ನಮ್ಮ ಮಂದಿ ಯಾಕೋ ಸುಸ್ತಾಗ್ಯಾರಲ್ಲ.”

“ಬ್ಯಾಸಗಿ ಅಲ್ರಿ ಸರ್.”

“ಹಂಗಾರ ರಜಾ ಕೊಡೂನೇನ?” ಎಂದು ನಕ್ಕರು. ನಾನೂ ನಕ್ಕೆ.

ಏಳು ವಾರ ಬರೆದೆ. ಅದೇ ಬಾಟಲಿಯಿಂದ ಅದಿರಿಗೆ ಹಾಕಿದೆವು, ಎಷ್ಟು ಬಂಗಾರ ಬಿಟ್ಟಿತೆಂಬ ಲೆಕ್ಕ ಬಂತು, ಸರ್ ವರದಿ ಸಿದ್ಧಪಡಿಸತೊಡಗಿದರು. ಜೂನ್ ೨೩ರ ಸೋಮವಾರ ಅವರು ಹೇಳಿದರು: “ಬರೂ ವಾರ ಆ ಹೊಲದ ಅವ್ವಾರನ್ನ ಕರಸೂನು. ಅವರ ಗುಂಡ್ಯಾಗಿನ ಹುಳಾ ಏನ ಮಾಡ್ಯಾವಂತ ಅವರೂ ಕಣ್ಣಾರೆ ನೋಡ್ಲಿ.”

ಆ ಹೆಂಗಸು ಬಾಟಲಿಯ ಮುಂದೆ ನಿಂತು ನಗುವುದು ಕಣ್ಣಿಗೆ ಕಟ್ಟಿತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಗುರುತು, ಫೋನು, ಹಕ್ಕಳೆ, ಕೊಂಡು ತಂದ ಬಾಟಲಿ. ಯಾಕೋ ಅವ್ವನ ಮಾತನ್ನೂ ಹೇಳಿದೆ.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೊಸರು ಉಣ್ಣಾವರಿಗೆ ಅದು ಖರೇ ಐತಿ. ನಾವು ಅಳತಿ ಮಾಡಾಕತ್ತಿದ್ದು ಹೆಪ್ಪನ್ನ.” ಆಮೇಲೆ ದಿನಚರಿಯನ್ನು ನನ್ನತ್ತ ತಳ್ಳಿದರು. “ಅಳಸಬ್ಯಾಡ. ಗೆರಿ ಹೊಡದು ಮಗ್ಗಲಕ್ಕ ಖರೇ ಏನಂತ ಬರಿ.” ಮೂವತ್ತೊಂದು ಸಾಲುಗಳಿಗೆ ಗೆರೆ ಎಳೆದೆ. ವರದಿ ನಿಂತಿತು.

ಆ ಶನಿವಾರ ರಟ್ಟೀಹಳ್ಳಿಗೆ ಹೋದೆ. ಗುಂಡಿಯಿದ್ದ ಜಾಗದಲ್ಲಿ ಮೇವಿನ ಬಣವೆ ನಿಂತಿತ್ತು. ಒಡತಿ ನನ್ನ ಮಾತನ್ನು ಪೂರ್ತಿ ಕೇಳಿದರು.

“ಎಲ್ಲಾ ಸತ್ತೂ?”

“ಹೌದ್ರಿ.”

“ನಾ ಅವತ್ತ ಕೇಳಿದ್ದೆ ನೋಡ, ಬೇಕಂದ್ರ ಬಿಡ್ತೇವಿ ಅಂತ.” ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಮಗನನ್ನು ಕರೆದು ಬಣವೆಯ ಅಂಚಿನಲ್ಲಿ ಎದೆಮಟ್ಟ ಅಗೆಸಿದರು. ಬರೀ ತುಂಬಿದ ಮಣ್ಣು, ನಡುವೆ ಒಂದಿಷ್ಟು ತೇವ. ಆ ತೇವದ ಮಣ್ಣನ್ನು ಮೂರು ಬಾಟಲಿಗಳಲ್ಲಿ ತಂದು ಆಹಾರ ಹಾಕಿದೆ. ಇವತ್ತಿಗೆ ನಲವತ್ತು ದಿನ, ಮೂರೂ ಹಸಿರು.

ಅದೇ ನೀರಿನ ಒರತೆ ಬೇರೆ ಕಡೆ ಎಲ್ಲಾದರೂ ಹೊರಬಿದ್ದಿರಬಹುದೆಂಬ ಆಸೆ ಉಳಿದಿದೆ. ಈ ನಾಲ್ಕು ಸೀಮೆಗಳಲ್ಲಿ ದನ ಮೂಸದ, ಮೇಲೆ ಎಣ್ಣೆಯಂಥ ಪೊರೆ ಕಟ್ಟುವ, ಕಲ್ಲಿಗೆ ತುಕ್ಕಿನ ಬಣ್ಣ ಹಿಡಿಸುವ ನೀರನ್ನು ಕಂಡವರು ಯಾರಾದರೂ ಇದ್ದರೆ ಈ ಬರಹದ ಪ್ರಕಾಶಕರಿಗೆ ಒಂದು ಸಾಲು ಬರೆಯಿರಿ. ಯಾರ ಹೊಲ, ಯಾವ ದಿಕ್ಕಿನ ಬದು, ಬೇಸಿಗೆಯಲ್ಲೂ ನಿಲ್ಲುತ್ತದೆಯೇ ತಿಳಿಸಿರಿ. ಮತ್ತು ದಯವಿಟ್ಟು, ನಾನು ಬಂದು ನೋಡುವವರೆಗೆ ಅದನ್ನು ಮುಚ್ಚಬೇಡಿರಿ. ನಾನೇ ಫೋನಿನಲ್ಲಿ ಮುಚ್ಚರಿ ಎಂದರೂ.