ಹತ್ತನೆಯ ಮನುಷ್ಯ

ನನ್ನ ಬಾಯಿ ಸ್ವಲ್ಪ ಜೋರು. ಸುರಪುರದಲ್ಲಿ ನಮ್ಮ ಓಣಿಯ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆ ಬಾಯಿಯಿಂದಾಗಿ ಒಮ್ಮೆ, ನಾನು ಮುಖ ನೋಡದ ಒಬ್ಬ ತಾಯಿಯ ವರ್ಷದ ಪ್ರಾರ್ಥನೆ ನಿಂತುಹೋಯಿತು.

ನನಗೆ ಪಿಎಚ್‌ಡಿ ಮಾಡಿಸಿದ ಪ್ರೊಫೆಸರರು ಯಹೂದಿಗಳು. ಕೊಂಕಣದ ಒಂದು ಸಣ್ಣ ಊರಿನವರು, ಮನೆಮಾತು ಮರಾಠಿ. ಇತಿಹಾಸ ಕಲಿಸಲು ನಮ್ಮ ಕಡೆಯ ವಿಶ್ವವಿದ್ಯಾಲಯಕ್ಕೆ ಬಂದವರು ಇಲ್ಲೇ ಉಳಿದುಬಿಟ್ಟರು. ಕನ್ನಡವನ್ನು ಶಾಸನ ಓದಿ ಕಲಿತವರಾದ್ದರಿಂದ ಅವರು ಮಾತಾಡಿದರೆ ಪುಸ್ತಕ ಓದಿದ ಹಾಗೆ ಇರುತ್ತಿತ್ತು. ಯಾದಗಿರಿಯ ಹೋಟೆಲಿನಲ್ಲಿ "ಒಂದು ಲೋಟ ಚಹಾ ದಯಪಾಲಿಸಿ" ಎಂದಾಗ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವನು ಎದ್ದು ನಿಂತಿದ್ದ.

ಯಾರಿಗೂ ಬೇಡವಾದ ಕೆಲಸವೆಲ್ಲ ಅವರ ಮೇಜಿಗೆ ಬಂದು ಬೀಳುತ್ತಿತ್ತು. ಗ್ರಂಥಾಲಯದ ಸಮಿತಿ, ಹಾಸ್ಟೆಲಿನ ಜಗಳ, ವಿಭಾಗದ ಪತ್ರಿಕೆಯ ಕರಡು. ಬೇರೆಯವರ ವಿದ್ಯಾರ್ಥಿಗಳ ಪ್ರಬಂಧವನ್ನೂ ಅಡಿಟಿಪ್ಪಣಿ ಬಿಡದೆ ಓದುತ್ತಿದ್ದರು. ಆದರೆ ತಿಂಗಳಲ್ಲಿ ಒಂದೆರಡು ಗುರುವಾರ ಯಾರು ಏನೇ ಅಂದರೂ ಸಂಜೆಯ ರೈಲು ಹತ್ತಿ ಊರಿಗೆ ಹೋಗಿಬಿಡುತ್ತಿದ್ದರು. ಅಲ್ಲಿನ ಅವರ ಪ್ರಾರ್ಥನಾ ಮಂದಿರಕ್ಕೆ ಇವರೇ ಕಾರ್ಯದರ್ಶಿ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಸರ್‌ಗೆ ದೇವರ ಹುಚ್ಚು ಸ್ವಲ್ಪ ಜಾಸ್ತಿ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಅಂಥದ್ದೇ ಒಂದು ಗುರುವಾರ ನಾವಿಬ್ಬರೂ ಶಿರವಾಳ ಎಂಬ ಹಳ್ಳಿಯಲ್ಲಿದ್ದೆವು. ಹಳೆಯ ಗುಡಿಯೊಂದರ ಹಿಂದೆ ಹೊಸದಾಗಿ ಒಂದು ಶಾಸನದ ಕಲ್ಲು ಸಿಕ್ಕಿತ್ತು. ಮಾರನೆಯ ದಿನವೇ ಗೌಂಡಿಗಳು ಅದನ್ನು ಕಟ್ಟೆಗೆ ಇಟ್ಟು ಮೆತ್ತುವವರಿದ್ದರು, ಅಕ್ಷರದ ಮುಖ ಒಳಗೆ ಮಾಡಿ. ಸರ್ ಎಷ್ಟು ಬೇಡಿಕೊಂಡರೂ ಊರವರು ಒಂದು ದಿನದ ಮೇಲೆ ಕೊಡಲಿಲ್ಲ. ನನ್ನ ಪ್ರಬಂಧಕ್ಕೆ ಆ ಕಲ್ಲು ಬೇಕೇ ಬೇಕಿತ್ತು.

ಕಲ್ಲಿನ ಅಚ್ಚು ತೆಗೆಯಲು ಒದ್ದೆ ಕಾಗದ ಹೊದಿಸಿ ಬ್ರಷ್ಷಿನಿಂದ ಬಡಿಯಬೇಕು. ಕಾಗದ ಅಕ್ಷರದೊಳಗೆ ಇಳಿದು ಅರ್ಧ ಆರಿದ ಮೇಲೆ ಮಸಿ ಒತ್ತಬೇಕು. ಪೂರ್ತಿ ಒಣಗುವ ಮೊದಲೇ ಎತ್ತಿದರೆ ಹರಿಯುತ್ತದೆ. ನಮ್ಮ ಬಳಿ ಇದ್ದದ್ದು ಎರಡೇ ಹಾಳೆ. ಮೊದಲನೆಯದನ್ನು ನಾನು ಅವಸರ ಮಾಡಿ ಹರಿದೆ. ಎರಡನೆಯದನ್ನು ಹೊದಿಸುವಷ್ಟರಲ್ಲಿ ಮೋಡ ಕವಿಯಿತು.

ಸರ್ ಗಡಿಯಾರ ನೋಡಿಕೊಂಡರು. "ಉಳಿದದ್ದನ್ನು ನೀವೊಬ್ಬರೇ ಮಾಡಬಲ್ಲಿರಾ?" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಒಬ್ಬಾಕಿನ್ನ ಬಿಟ್ಟು ಹೊಂಟೀರೇನ್ರಿ ಸರ್? ಒಂದು ವಾರ ಪ್ರಾರ್ಥನಾ ತಪ್ಪಿದ್ರ ನಿಮ್ಮ ದೇವ್ರೇನು ಮುನಿಸ್ಕೊಳ್ಳಂಗಿಲ್ಲ" ಎಂದೆ.

ಅವರು ಚಪ್ಪಲಿ ಬಿಟ್ಟು ಮತ್ತೆ ಕಲ್ಲಿನ ಮುಂದೆ ಕೂತರು. ಅಚ್ಚು ಚೆನ್ನಾಗಿ ಬಂತು, ಒಂದಕ್ಷರವೂ ಹೋಗಲಿಲ್ಲ. ನಾವು ಜೀಪಿನಲ್ಲಿ ಯಾದಗಿರಿ ಸ್ಟೇಷನ್ ಮುಟ್ಟಿದಾಗ ರೈಲು ಹೋಗಿ ಅರ್ಧ ಗಂಟೆಯಾಗಿತ್ತು.

ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅವರು ಯಾರಿಗೋ ಫೋನ್ ಮಾಡಿದರು. ಸೊಲ್ಲಾಪುರದ ಸೋದರತ್ತೆಯ ಮನೆಯಲ್ಲಿ ರಜೆ ಕಳೆದವಳು ನಾನು, ಮರಾಠಿ ನನಗೆ ತಿಳಿಯುತ್ತದೆ. "ಮಾಸ್ತರ, ನನ್ನನ್ನು ಕ್ಷಮಿಸಿ. ನಾಳೆ ನೀವು ಒಂಬತ್ತೇ ಜನ" ಎನ್ನುತ್ತಿದ್ದರು.

ಏನೆಂದು ಕೇಳಿದೆ. ಆಗ ಹೇಳಿದರು. ಸತ್ತವರ ಹೆಸರಿನ ಪ್ರಾರ್ಥನೆಯನ್ನು ಅವರಲ್ಲಿ ಒಬ್ಬರೇ ಹೇಳುವಂತಿಲ್ಲ. ತಮ್ಮ ಸಮಾಜದ ಹತ್ತು ಮಂದಿ ಗಂಡಸರು ಕೂಡಬೇಕು. ಎಲ್ಲರೂ ಮುಂಬೈ, ಇಸ್ರೇಲ್ ಎಂದು ಹೋಗಿ ಆ ಊರಿನಲ್ಲಿ ಉಳಿದವರು ಒಂಬತ್ತೇ ಜನ. ಹತ್ತನೆಯವರು ಇವರು. ನಿವೃತ್ತ ಶಾಲಾ ಮಾಸ್ತರರೊಬ್ಬರ ತಾಯಿ ತೀರಿಕೊಂಡು ಮಾರನೆಯ ದಿನಕ್ಕೆ ವರ್ಷ ತುಂಬುತ್ತಿತ್ತು. ಆ ತಿಥಿ ಮತ್ತೆ ಬರಲು ಇನ್ನೊಂದು ವರ್ಷ ಬೇಕು.

ನಮ್ಮ ಮನೆಯಲ್ಲಿ ಹಿರಿಯರ ಪೂಜೆಗೆ ಒಬ್ಬರು ಬರದಿದ್ದರೆ ಇನ್ನೊಬ್ಬರು ಕೂರುತ್ತಾರೆ, ಅಷ್ಟೂ ಆಗದಿದ್ದರೆ ಮುಂದಿನ ಸೋಮವಾರ ಮಾಡುತ್ತೇವೆ. ದೇವರು ತಲೆ ಎಣಿಸುತ್ತಾನೆಂದು ನನಗೇನು ಗೊತ್ತು? "ಮೊದಲಾ ಯಾಕ ಹೇಳಲಿಲ್ರಿ ಸರ್?" ಎಂದು ಅವರ ಮೇಲೆಯೇ ರೇಗಿದೆ.

"ಹೇಳಿದ್ದರೆ ನೀವು ಆ ಕಾಗದವನ್ನು ಕಿತ್ತು ಎಸೆದು ನನ್ನನ್ನು ಜೀಪು ಹತ್ತಿಸುತ್ತಿದ್ದಿರಿ. ನಿಮ್ಮನ್ನು ನಾನು ಬಲ್ಲೆ" ಎಂದರು.

ವರ್ಷ ಕಳೆಯಿತು. ಪ್ರಬಂಧ ಮುಗಿಯಿತು, ಕೊನೆಯ ಮೌಖಿಕ ಪರೀಕ್ಷೆಗೆ, ಅದೇ ವೈವಾಕ್ಕೆ, ಪತ್ರ ಬಂತು. ಯಾದಗಿರಿಯ ಕಾಲೇಜೊಂದರಲ್ಲಿ ಜಾಗ ಖಾಲಿ ಇತ್ತು. ಆ ತಿಂಗಳೊಳಗೆ ಪಿಎಚ್‌ಡಿ ಕೈಗೆ ಬಂದರೆ ನೌಕರಿ ನನಗೇ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಮನೆಯಲ್ಲಿ ಅವ್ವ ಹೋಳಿಗೆಗೆ ಬೇಳೆ ತರಿಸಿದ್ದಳು.

ಪತ್ರದಲ್ಲಿದ್ದ ತಾರೀಖು ನೋಡಿ ನನಗೆ ಅನುಮಾನ ಬಂತು. ಅವರ ತಿಥಿ ನಮ್ಮ ತಿಥಿಯ ಹಾಗೆಯೇ ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ. ಮಾಸ್ತರರ ತಾಯಿಯ ದಿನ ಈ ಸಲ ಯಾವತ್ತು ಬರುತ್ತದೆ ಎಂದು ಸರ್ ಅವರನ್ನು ಕೇಳಿದೆ. ಅವರು ಎದುರಿಗಿದ್ದ ಕರಡಿನಿಂದ ತಲೆ ಎತ್ತಲಿಲ್ಲ.

"ನಿಮ್ಮ ವೈವಾದ ದಿನವೇ. ಬರಲಾಗುವುದಿಲ್ಲವೆಂದು ಮಾಸ್ತರರಿಗೆ ತಿಳಿಸಿದ್ದೇನೆ. ಮಾರ್ಗದರ್ಶಕನಿಲ್ಲದೆ ವೈವಾ ನಡೆಯುವುದಿಲ್ಲ."

ಈ ಮನುಷ್ಯ ನನಗಾಗಿ ಇನ್ನೊಮ್ಮೆ ಆ ಮಾಸ್ತರರ ಮುಂದೆ ತಪ್ಪಿತಸ್ಥರಾಗಲು ಹೊರಟಿದ್ದರು. ಮರುದಿನ ಬೆಳಿಗ್ಗೆ ಪರೀಕ್ಷಾ ವಿಭಾಗಕ್ಕೆ ಹೋಗಿ, ವೈವಾ ಮುಂದೂಡಬೇಕೆಂದು ನನ್ನ ಹೆಸರಿನಲ್ಲಿಯೇ ಅರ್ಜಿ ಕೊಟ್ಟೆ. ಗುಮಾಸ್ತರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಹೊರಗಿನ ಪರೀಕ್ಷಕರು ಮತ್ತ ಯಾವಾಗ ಸಿಗ್ತಾರೋ ಏನೋ ತಂಗಿ. ಆರು ತಿಂಗಳ ಆದ್ರೂ ಆದೀತು. ನಿನಗ ನೌಕರಿ ಬ್ಯಾಡೇನು?"

"ಬೇಕ್ರಿ. ಅರ್ಜಿ ತಗೋರಿ" ಎಂದೆ.

ಆ ನೌಕರಿ ಬೇರೆಯವರ ಪಾಲಾಯಿತು. ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಅವ್ವ ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು. ಆದರೆ ಅದೆಲ್ಲ ಆಮೇಲಿನ ಮಾತು.

ಪರೀಕ್ಷಾ ವಿಭಾಗದಿಂದ ನೆಟ್ಟಗೆ ಸರ್ ಕೋಣೆಗೆ ಹೋದೆ. "ನನ್ನ ವೈವಾ ಮುಂದಕ್ಕ ಹೋಗ್ಯಾದ್ರಿ ಸರ್" ಎಂದೆ.

"ಯಾರು ಮುಂದೂಡಿದರು?"

"ನಾನಾ ಅರ್ಜಿ ಕೊಟ್ಟು ಬಂದೀನ್ರಿ. ನೀವು ಊರಿಗಿ ಹೋಗ್ರಿ."

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೇನೋ ಎಂದು ನಾನೂ ಉತ್ತರ ಸಿದ್ಧ ಮಾಡಿಕೊಂಡೇ ನಿಂತಿದ್ದೆ. ಬೈಯಲಿಲ್ಲ. ಫೋನ್ ತೆಗೆದು ನಂಬರು ಒತ್ತಿದರು.

"ಮಾಸ್ತರ, ನಾನು ಬರುತ್ತಿದ್ದೇನೆ" ಎಂದರು ಮರಾಠಿಯಲ್ಲಿ. "ಹತ್ತು ಜನ ಆದೆವು."

ಆ ಕಡೆಯಿಂದ ವಯಸ್ಸಾದ ಗಂಡಸೊಬ್ಬರು ಬಿಕ್ಕಿ ಬಿಕ್ಕಿ ಅಳುವುದು ಮೇಜಿನ ಈಚೆ ನಿಂತಿದ್ದ ನನಗೂ ಕೇಳಿಸಿತು.