ಮೂರು ಕೊಡಪಾನ ನೀರು

ನನ್ನ ಗಂಡ ಸ್ಯಾಮ್ಸನ್ ದಿನಾ ಬೆಳಿಗ್ಗೆ ಐದೂ ನಲವತ್ತಕ್ಕೆ ಬಾವಿಯಿಂದ ಮೂರು ಕೊಡಪಾನ ನೀರು ಸೇದುತ್ತಿದ್ದರು. ಉದ್ಯಾವರದ ನಮ್ಮ ಮನೆಗೆ ನಳ್ಳಿ ಬಂದ ಮೇಲೂ ಬಿಡಲಿಲ್ಲ. ಮೀಯಲು ಅದೇ ನೀರು ಬೇಕು. ಆಮೇಲೆ ಬಸ್ಸು ಹಿಡಿದು ಮಣಿಪಾಲ. ಅಲ್ಲಿ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದರು.

ಕಳೆದ ವರ್ಷ ಆ ಕೆಲಸ ಹೋಯಿತು. ಅವರಿಗೆ ಗೊತ್ತಿದ್ದ ಕೆಲಸ ಹಳತಾಯಿತಂತೆ. ಈಗ ಎಲ್ಲರಿಗೂ ಡೇಟಾ ಸ್ಟ್ರೀಮಿಂಗ್ ಗೊತ್ತಿದ್ದವರೇ ಬೇಕಂತೆ. ನಾನು ಐದನೇ ಕ್ಲಾಸು. ಅದು ಎಂತ ಎಂದು ಕೇಳಿದೆ.

“ಮೊದಲು ದೋಣಿ ದಡಕ್ಕೆ ಬಂದ ಮೇಲೆ ಮೀನು ಎಣಿಸುವುದು. ಈಗ ಒಂದೊಂದು ಮೀನು ಬಲೆಗೆ ಬೀಳುವಾಗಲೇ ದಡದಲ್ಲಿ ಇದ್ದವನಿಗೆ ಗೊತ್ತಾಗಬೇಕು. ಅಷ್ಟೇ ಮಾರಾಯ್ತಿ.”

ಐವತ್ತೊಂದನೇ ವಯಸ್ಸಿನಲ್ಲಿ ಕೂತು ಕಲಿತರು. ಹದಿನಾಲ್ಕು ಕಂಪನಿಗೆ ಬರೆದರು. ಕೆಲವರು ವಯಸ್ಸು ಕೇಳಿ ಸುಮ್ಮನಾದರು. ಕೆಲವರು, ನೀವು ಮಾಡಿದ್ದು ಓಡುವುದನ್ನು ತೋರಿಸಿ ಎಂದರು. ತೋರಿಸಲು ಇವರ ಹತ್ತಿರ ಎಂತ ಉಂಟು? ಬಾವಿ ಉಂಟು. ಉಡುಪಿಯಿಂದ ಸಣ್ಣ ಯಂತ್ರ ತಂದು ಬಾವಿಯೊಳಗೆ ತೂಗುಹಾಕಿದರು. ಒಂದು ಕೊಡಪಾನ ನೀರು ಇಳಿದರೆ ಇವರ ಫೋನು ಟಿಂಗ್ ಎನ್ನುತ್ತದೆ. ಕಂಪನಿಯವರೂ ಕೂತಲ್ಲೇ ನೋಡಬಹುದು.

“ಬಾವಿಗೆ ಕೆಲಸ ಸಿಕ್ಕಿತು. ನಿಮಗೆ ಯಾವಾಗ?” ಎಂದೆ.

ನಕ್ಕರು. “ನಾನು ಇಲ್ಲದಿದ್ದರೂ ಇದು ಓಡ್ತದೆ. ಅವರಿಗೆ ಬೇಕಾದ್ದೇ ಅದು. ಒಂದು ಕರೆ ಬರಲಿ ನೋಡು. ಆ ದಿನವೇ ಕೊಡಪಾನ ಬಿಡ್ತೇನೆ. ನಳ್ಳಿ ನೀರಲ್ಲೇ ಮೀಯ್ತೇನೆ.”

ಅದಾಗಿ ಎಂಟನೇ ದಿನ ಸತ್ತರು. ಎದೆನೋವು. ಆಸ್ಪತ್ರೆ ತಲುಪಲಿಲ್ಲ. ಹೆಣ ಹೊರಗಿನ ಕೋಣೆಯಲ್ಲಿತ್ತು. ಬಂದವರು ಕಾಲು ತೊಳೆಯಲು ನೀರು ಸೇದಿದರು. ಮೇಜಿನ ಮೇಲೆ ಅವರ ಫೋನು ಟಿಂಗ್, ಟಿಂಗ್. ಯಾರಿಗೂ ಅದನ್ನು ನಿಲ್ಲಿಸಲು ಗೊತ್ತಾಗಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಹಗ್ಗ, ಕೊಡಪಾನ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ರಾಟೆಯ ಶಬ್ದ ನನಗೆ ಬೇಡವಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಐದೂ ನಲವತ್ತಕ್ಕೆ ಟಿಂಗ್. ಕೊಡಪಾನ ಮೇಲೆ ಬರುವಷ್ಟು ಹೊತ್ತು ಬಿಟ್ಟು ಇನ್ನೊಂದು. ಮತ್ತೆ ಅಷ್ಟೇ ಹೊತ್ತು ಬಿಟ್ಟು ಮೂರನೆಯದು. ಆಮೇಲೆ ದಿನಾ.

ಕಾಪುವಿನಿಂದ ಮೈದುನ ಕ್ಲಾಯ್ಡ್ ಬಂದ.

“ಯಂತ್ರ ಹಾಳಾಗಿದೆ ಅತ್ತಿಗೆ, ತೆಗೆದುಬಿಡ್ತೇನೆ. ಅಲ್ಲದಿದ್ದರೆ ಬಾವಿಯಲ್ಲಿ ಆಮೆ ಉಂಟು.”

“ಆಮೆಗೆ ಗಡಿಯಾರ ಕಟ್ಟಿದ್ದು ಯಾರು, ನೀನಾ?”

ಮರುದಿನ ಬೆಳಿಗ್ಗೆ ಇಬ್ಬರೂ ಬಾವಿಕಟ್ಟೆಯ ಹತ್ತಿರ ನಿಂತೆವು. ರಾಟೆ ಅಲುಗಲಿಲ್ಲ. ನನ್ನ ಕೈಯಲ್ಲಿ ಫೋನು ಮೂರು ಸಲ ಟಿಂಗ್ ಎಂದಿತು. ಕ್ಲಾಯ್ಡ್ ಬಾವಿಗೆ ಟಾರ್ಚ್ ಬೆಳಕು ಬಿಟ್ಟ. ನೀರು ಇಳಿದಿತ್ತು. ಅದರ ಮೇಲೆ ಕಲ್ಲಿಗೆ ಒದ್ದೆ ಗೆರೆ, ಬೆರಳಿನಷ್ಟು ಅಗಲ. ಬಾವಿಕಟ್ಟೆ ಒಣಗಿಯೇ ಇತ್ತು. ಅವನು ಯಂತ್ರ ಮುಟ್ಟಲಿಲ್ಲ. ಕಾಫಿಯೂ ಕುಡಿಯದೆ ಹೋದ.

ನಲವತ್ತೊಂದನೇ ದಿನ ಹನ್ನೊಂದು ಗಂಟೆಗೆ ಅದೇ ಫೋನಿಗೆ ಕರೆ ಬಂತು.

“ಸ್ಯಾಮ್ಸನ್ ಸರ್ ಇದ್ದಾರಾ? ನಾನು ಶಿಲ್ಪಾ, ಸರ್ ಕೆಲಸಕ್ಕೆ ಬರೆದಿದ್ದ ಕಂಪನಿಯಿಂದ. ನಮಗೆ ಸ್ಟ್ರೀಮಿಂಗ್ ಗೊತ್ತಿದ್ದವರು ತುರ್ತಾಗಿ ಬೇಕು. ಎಷ್ಟೋ ಜನ ಬರೆದಿದ್ದಾರೆ. ಅವರು ಮಾಡಿ ತೋರಿಸಿದ್ದೆಲ್ಲ ನಿಂತು ಹೋಗಿದೆ. ಸರ್ ಅವರ ಬಾವಿ ಒಂದೇ ಇನ್ನೂ ಓಡ್ತಾ ಉಂಟು.”

“ಅವರಿಗೆ ಐವತ್ತೊಂದು ವರ್ಷ.”

“ಅದಕ್ಕೇನಂತೆ ಮೇಡಂ, ಬರಲಿ.”

ಈ ಮಾತು ಕೇಳಲು ಅವರು ಒಂದು ವರ್ಷ ಕಾದಿದ್ದರು.

“ಅವರು ತೀರಿಹೋಗಿದ್ದಾರೆ. ನಲವತ್ತೊಂದು ದಿನ ಆಯಿತು.”

ಆ ಕಡೆ ಕಂಪ್ಯೂಟರ್ ಕೀ ಒತ್ತುವ ಶಬ್ದ ಕೇಳಿತು. ಆಮೇಲೆ ಮೆಲ್ಲಗೆ, “ಮೇಡಂ, ಹಾಗಾದರೆ ಇವತ್ತು ಬೆಳಿಗ್ಗೆ ನೀರು ಸೇದಿದ್ದು ಯಾರು?”

ನಾನು ಎದ್ದು ಹೋಗಿ ಬಾವಿಯ ಕಡೆಯ ಕಿಟಕಿ ಮುಚ್ಚಿದೆ. “ಇನ್ನು ಕರೆ ಮಾಡಬೇಡಿ,” ಎಂದು ಪಿಸುಗುಟ್ಟಿ ಇಟ್ಟೆ.

ಸಂಜೆ ಪಕ್ಕದ ಮನೆಯ ಜೆನಿಟಾ ಬಾವಿಕಟ್ಟೆಯ ಹತ್ತಿರವೇ ನಿಂತು ಕೇಳಿದಳು, “ಯಾರದ್ದು ಕರೆ?” ಅವಳ ಕೈ ಹಿಡಿದು ದೂರ ಎಳೆದುಕೊಂಡು ಹೋದೆ.

ಕರೆ ಬಂದದ್ದನ್ನು ನಾನು ಬಾವಿಯ ಹತ್ತಿರ ಹೇಳಿಲ್ಲ. ಹೇಳುವುದೂ ಇಲ್ಲ. ಹೇಳಿದರೆ ಆ ದಿನವೇ ಕೊಡಪಾನ ಬಿಡುತ್ತಾರೆ. ಅವರು ಕಾಯಲಿ. ಫೋನು ಚಾರ್ಜಿಗೆ ಇಟ್ಟಿದ್ದೇನೆ.