ಮಾಳಪ್ಪನ ಸೀಟಿನಲ್ಲಿ ಮಾಲೀಕ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಮಹಾರಾಷ್ಟ್ರದ ಗಡಿಯ ಉಮರ್ಗಾ ಭಾಗದಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ, ದೋಷ ಯಂತ್ರದ್ದೋ ಚಾಲಕನದ್ದೋ ಎಂದು ಪೊಲೀಸರಿಗೆ ವರದಿ ಕೊಡುವುದು ನನ್ನ ಕೆಲಸ. ಆ ವರ್ಷದ ಕಬ್ಬಿನ ಹಂಗಾಮಿನಲ್ಲಿ, ನಿಲಂಗಾ ರಸ್ತೆಯ ಇಳಿಜಾರಿನಲ್ಲಿ ಎರಡು ಟ್ರಾಲಿ ಕಟ್ಟಿದ್ದ ಟ್ರ್ಯಾಕ್ಟರ್ ಮಗುಚಿತು. ಕುರಿಗಾರರ ಮನೆತನದ ಚಾಲಕ ಮಾಳಪ್ಪ ಅದರಡಿ ಸಿಕ್ಕು ಸತ್ತ.

ಗಾಡಿಯ ಮಾಲೀಕ ನಾಗನಾಥರಾವ್, ಮಾಳಪ್ಪ ಕುಡಿದಿದ್ದನೆಂದು ಊರೆಲ್ಲ ಹಬ್ಬಿಸಿದ. ಶವಪರೀಕ್ಷೆಯಲ್ಲಿ ಮದ್ಯದ ಸುಳಿವೇ ಸಿಗದಿದ್ದಾಗ, ಅವನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ ಎಂದು ಮಾತು ಬದಲಿಸಿದ.

ಮಾಳಪ್ಪನ ಹೆಂಡತಿ ಮಾಯವ್ವ ನನ್ನ ಕಚೇರಿಗೆ ಬಂದಳು. ಅಳಲಿಲ್ಲ.

"ಟ್ರಾಲಿಗೆ ಬ್ರೇಕ್ ಇಲ್ಲ, ಹಿಂದಿಂದ ದೂಡ್ತದ ಅಂತ ನನ ಗಂಡ ದಿನಾ ಅಂತಿದ್ದರೀ. ಮಾಲಕಗ ಹೇಳಿದ್ರ ನಗ್ತಿದ್ದ. ಅಂವಾ ಒಮ್ಮಿ ಆ ಸೀಟಿನ್ಯಾಗ ಕೂಡ್ಲಿ, ಸಾಹೇಬ್ರ. ನಾ ನಿಂತು ನೋಡಬೇಕು."

ನನಗೂ ಅದೇ ಬೇಕಿತ್ತು. ಹಿಂದಿನ ಹಂಗಾಮಿನಲ್ಲಿ ಇವೇ ಟ್ರಾಲಿಗಳ ಬಗ್ಗೆ ನಾನು ಕೊಟ್ಟಿದ್ದ ನೋಟಿಸನ್ನು ಆತ ನನ್ನೆದುರೇ ಹರಿದು, ಅದರಿಂದ ಕೈ ಒರೆಸಿಕೊಂಡಿದ್ದ.

ವಿಷಯ ಸರಳ. ಚಲಿಸುವ ವಸ್ತುವಿನ ತೂಕವೂ ವೇಗವೂ ಹೆಚ್ಚಿದಷ್ಟು ಅದನ್ನು ನಿಲ್ಲಿಸುವುದು ಕಷ್ಟ. ತೂಕವನ್ನೂ ವೇಗವನ್ನೂ ಗುಣಿಸಿದ ಈ ಅಳತೆಯನ್ನೇ ಸಂವೇಗ ಎನ್ನುತ್ತಾರೆ. ಟ್ರ್ಯಾಕ್ಟರಿನ ತೂಕ ಎರಡು ಟನ್ನಿನ ಆಸುಪಾಸು; ಹಿಂದಿನ ಎರಡು ಟ್ರಾಲಿಗಳದ್ದು, ಕಬ್ಬು ಸೇರಿ, ಇಪ್ಪತ್ತು ಟನ್. ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲಲು ನೋಡುತ್ತದೆ, ಟ್ರಾಲಿಗಳು ನಿಲ್ಲುವುದಿಲ್ಲ. ಅವು ಮುಂದಿನದನ್ನು ನೂಕಿ ಅಡ್ಡ ತಿರುಗಿಸುತ್ತವೆ.

ಸಾಕ್ಷಿಗೆ ಬಂದ ಪಂಚರು, ಪೊಲೀಸರು ಸೇರಿದಾಗ ನಾನು ನಾಗನಾಥರಾವ್‌ನನ್ನು ಎಲ್ಲರೆದುರು ಕೇಳಿದೆ: "ಚಾಲಕನದೇ ತಪ್ಪು ಅಂತೀರಲ್ಲ, ಗಾಡಿ ನೀವು ನಿಲ್ಲಿಸಬಲ್ಲಿರಾ?"

"ಅರೆ ಸಾಹೇಬ್, ಸಣ್ಣಂವಿದ್ದಾಗಿಂದ ಟ್ರ್ಯಾಕ್ಟರ್ ಹೊಡೀಲತೀನಿ. ತೋರಸ್ತೀನಿ, ನಡೀರಿ!"

ಯೆಣೆಗೂರಿನ ಹೊರಗೆ, ಬೆಳೆ ಕೊಯ್ದ ಇಳಿಜಾರು ಹೊಲದಲ್ಲಿ ಅವನದೇ ಇನ್ನೊಂದು ಟ್ರ್ಯಾಕ್ಟರಿಗೆ ಅಂಥದ್ದೇ ಬ್ರೇಕಿಲ್ಲದ ಜೋಡಿ ಟ್ರಾಲಿಗಳನ್ನು ಕಟ್ಟಿ, ಕಬ್ಬು ತುಂಬಿ ನಿಲ್ಲಿಸಿದೆವು. ಕೆಳಗಡೆ ಮೆತ್ತನೆಯ ಉತ್ತ ನೆಲ, ಗಾಡಿ ಬಂದು ಹೂತು ನಿಲ್ಲಲೆಂದು. ಜನರನ್ನು ದೂರ ಸರಿಸಿದೆ; ಮಾಯವ್ವ ಅವರ ಮುಂದೆ ನಿಂತಿದ್ದಳು. ಆತ ಮೀಸೆ ತಿರುವಿ ಹತ್ತಿದ.

ಸೈಕಲ್ಲಿನ ವೇಗಕ್ಕೆ ಬಂದಾಗ ನಾನು ಬಾವುಟ ಬೀಸಿದೆ. ಆತ ಬ್ರೇಕ್ ಒತ್ತಿದ. ಚಕ್ರಗಳು ನಿಂತವು, ಗಾಡಿ ನಿಲ್ಲಲಿಲ್ಲ. ಟ್ರ್ಯಾಕ್ಟರ್ ಅಡ್ಡ ತಿರುಗಿ ಒಂದು ಬದಿಗೆ ಎದ್ದಿತು.

"ಆಯೀ ಗ! ಹಿಡೀರಿ ಯಾರರೆ! ದೂಡಲತದ!"

ಉತ್ತ ನೆಲದಲ್ಲಿ ಚಕ್ರ ಹೂತು ಎಲ್ಲ ನಿಂತಿತು. ಸ್ಟೇರಿಂಗ್ ಹಿಡಿದ ಅವನ ಬೆರಳುಗಳನ್ನು ಪೇದೆ ಒಂದೊಂದಾಗಿ ಬಿಡಿಸಬೇಕಾಯಿತು. ಪೈಜಾಮ ಒದ್ದೆಯಾಗಿತ್ತು. "ದೂಡಲತದ" ಎಂಬ ಅವನ ಕೂಗನ್ನು ಪಂಚನಾಮೆಯಲ್ಲಿ ಅಕ್ಷರಶಃ ಬರೆಸಿದೆ. ಪ್ರಕರಣ ಮಾಳಪ್ಪನ ಹೆಸರಿನಿಂದ ಮಾಲೀಕನ ಹೆಸರಿಗೆ ಹೋಯಿತು, ಟ್ರಾಲಿಗಳೆಲ್ಲ ಜಪ್ತಿಯಾದವು.

ಸಮಾಧಾನವಾಯಿತೇ ಎಂದು ಮಾಯವ್ವನನ್ನು ಕೇಳಿದೆ. ಅವಳು ನಾಗನಾಥರಾವ್‌ನ ಮೇಲಿಂದ ಕಣ್ಣು ಕೀಳದೆ ಹೇಳಿದಳು:

"ಇನ್ನೊಮ್ಮಿ ಕೂಡಸ್ರಿ."

ಆ ದಿನ ಕೂರಿಸಲಿಲ್ಲ. ಆದರೆ ಆಮೇಲೆ ನಿವೃತ್ತಿಯವರೆಗೂ ಯಾವ ಟ್ರಾಲಿಯ ಬ್ರೇಕನ್ನೂ ನಾನು ಚಾಲಕನಿಂದ ಪರೀಕ್ಷೆ ಮಾಡಿಸಲಿಲ್ಲ. ಮಾಲೀಕನನ್ನೇ ಕರೆದು, ಹತ್ತಿ ಕೂರಿ ಎನ್ನುತ್ತಿದ್ದೆ.